ಡೆಡ್ ಝೋನ್ ಇಪ್ಪತ್ತೆರಡು

ಅಪ್ಪನಿಗೆ ಗೊತ್ತಾಗಿಬಿಟ್ಟರೆ ಏನು ಮಾಡಲಿ ಎಂದು ಅವಳು ಡೈರಿಯಲ್ಲಿ ಬರೆದು ಹನ್ನೆರಡು ದಿನವಾಗಿತ್ತು. ಅದೇ ಪುಟದ ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿ ಒಂದರ ಕೆಳಗೊಂದು ಸಂಖ್ಯೆ: ಸೊನ್ನೆ, ಐದು, ಒಂಬತ್ತು, ಹದಿನಾರು. ಇವತ್ತು ಬೆಳಿಗ್ಗೆ ಇಪ್ಪತ್ತೆರಡು.

ಸ್ಟ್ರೋಕ್ ಆದ ಮೇಲೆ ಅಪ್ಪನ ಬಲಗೈ ನಡುಗುತ್ತಿತ್ತು. ಆ ಕೈಗೆ ಏನಾದರೂ ಕೆಲಸ ಕೊಡಿ ಎಂದು ಆಸ್ಪತ್ರೆಯಲ್ಲಿ ಹೇಳಿದ್ದರು. ಚಿಕ್ಕಪ್ಪನ ಮಗನಿಗೆ ಬೇಡವಾಗಿದ್ದ ರೇಸ್ ಆಟದ ಸ್ಟೀರಿಂಗನ್ನು ಅವಳೇ ಹೊತ್ತು ತಂದು, ಊಟದ ಮೇಜಿಗೆ ಬಿಗಿದು, ಕಂಪ್ಯೂಟರಿಗೆ ಜೋಡಿಸಿದಳು. ಮೊದಲ ದಿನ ಕಾರು ನೇರ ರಸ್ತೆಯಲ್ಲೇ ಏಳು ಸಲ ಗೋಡೆಗೆ ಬಡಿಯಿತು.

"ಇಪ್ಪತ್ತೆಂಟು ವರ್ಷ ಶಾಲೆ ವ್ಯಾನ್ ಓಡಿಸಿದೀನಿ ಪುಟ್ಟಿ. ಒಂದು ಕನ್ನಡಿ ಮುರಿದೋನಲ್ಲ," ಎಂದ ಅಪ್ಪ, ಹೋಗಿ ಗೋಡೆ ಕಡೆ ತಿರುಗಿ ಮಲಗಿಬಿಟ್ಟ. ಊಟಕ್ಕೂ ಏಳಲಿಲ್ಲ.

ಮರುದಿನ ಅವಳು ಸೆಟ್ಟಿಂಗ್ಸ್ ತೆರೆದಳು. ಅದರಲ್ಲಿ ಡೆಡ್ ಝೋನ್ ಎಂದೊಂದಿತ್ತು. ಅದರ ಸಂಖ್ಯೆ ಏರಿಸಿದಷ್ಟೂ ಸ್ಟೀರಿಂಗ್ ಸಣ್ಣಗೆ ಆಚೀಚೆ ಅಲುಗಿದ್ದನ್ನು ಆಟ ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ಐದಕ್ಕೆ ಇಟ್ಟಳು. ಕಾರು ನಾಲ್ಕೇ ಸಲ ಬಡಿಯಿತು, ಅಪ್ಪ ಎರಡು ತುತ್ತು ಹೆಚ್ಚು ತಿಂದ. ಒಂಬತ್ತಕ್ಕೆ ಇಟ್ಟ ದಿನ ಗಡ್ಡ ಬೋಳಿಸಿಕೊಂಡ. ಹದಿನಾರಕ್ಕೆ ಬಂದಾಗ ಸ್ನಾನದ ಮನೆಯಿಂದ ಶಿಳ್ಳೆ ಕೇಳಿಸಿತು. ಹೇಳಬೇಕು ಎಂದು ಪ್ರತಿದಿನ ಅಂದುಕೊಳ್ಳುತ್ತಿದ್ದಳು. ಶಿಳ್ಳೆ ಕೇಳಿದ ಮೇಲೆ ಅಂದುಕೊಳ್ಳುವುದನ್ನೂ ಬಿಟ್ಟಳು.

ಇವತ್ತು ನೋಡಿದರೆ ವ್ಯಾನಿನ ಯಜಮಾನರು ಬಂದು ಸೋಫಾದಲ್ಲಿ ಕೂತಿದ್ದಾರೆ. ಕರೆಸಿದ್ದು ಅಪ್ಪನೇ. ಅವಳಿಗೆ ಒಂದು ಮಾತೂ ಹೇಳಿರಲಿಲ್ಲ.

"ನೀನು ಮಲಗಿದ ಮೇಲೆ ಬೇರೆ ಡ್ರೈವರನ್ನ ಇಟ್ಟುಕೊಂಡಿದ್ದೆನಲ್ಲ, ಆ ಮಹರಾಯ ಹೇಳದೆ ಕೇಳದೆ ಕೈಕೊಟ್ಟ ಕಣಯ್ಯಾ," ಎಂದರು ಯಜಮಾನರು. "ಡಾಕ್ಟರ ಚೀಟಿ ಇದೆಯಾ?"

"ಚೀಟಿ ಬರುತ್ತೆ ಬಿಡಿ. ವ್ಯಾನ್ ಓಡಿಸೋದು ಚೀಟಿನಾ, ಕೈನಾ? ನೀವೇ ಕಣ್ಣಾರೆ ನೋಡಿ."

ಅಪ್ಪ ಆಟ ಶುರು ಮಾಡಿದ. ಯಜಮಾನರು ಮುಂದಕ್ಕೆ ಬಾಗಿ ಪರದೆಯನ್ನೇ ನೋಡುತ್ತಿದ್ದರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವಳು ಸ್ಟೀರಿಂಗ್ ಮೇಲಿನ ಕೈಯನ್ನು ನೋಡಿದಳು. ಮೊದಲ ದಿನ ಹೇಗೆ ನಡುಗುತ್ತಿತ್ತೋ ಈಗಲೂ ಹಾಗೇ ನಡುಗುತ್ತಿತ್ತು. ಪರದೆಯ ಮೇಲಿನ ಕಾರು ಮಾತ್ರ ಗೆರೆ ಎಳೆದ ಹಾಗೆ ನೆಟ್ಟಗೆ ಹೋಗುತ್ತಿತ್ತು. ಮೂರು ಸುತ್ತು ಮುಗಿಯಿತು. ಒಂದು ಗೀರೂ ಇಲ್ಲ.

"ಭೇಷ್! ನನ್ನ ಕೈಗೆ ಕೊಟ್ಟಿದ್ರೆ ಕಾರು ಗ್ಯಾರೇಜಿಂದ ಆಚೆಗೇ ಬರ್ತಿರಲಿಲ್ಲ," ಎಂದು ನಕ್ಕ ಯಜಮಾನರು ಜೇಬಿನಿಂದ ಕೀಗೊಂಚಲು ತೆಗೆದು ಅಪ್ಪನ ಬಲಗೈಯಲ್ಲೇ ಇಟ್ಟರು. "ನಾಳೆ ಏಳಕ್ಕೆ ಬಂದುಬಿಡು. ಹದಿನಾಲ್ಕು ಮಕ್ಕಳು. ಮೊದಲಿನ ದಾರಿನೇ, ಸೇತುವೆ ಮೇಲೆ."

ಕೀಗೊಂಚಲು ಝಣಝಣ ಸದ್ದು ಮಾಡತೊಡಗಿತು.

"ನೋಡಮ್ಮಾ ನಿಮ್ಮಪ್ಪನ್ನ! ಖುಷಿಗೆ ಕೀ ಕುಣಿಸ್ತಾ ಇದಾನೆ."

"ಕುಣಿಸ್ತಿಲ್ಲ ಯಜಮಾನ್ರೇ. ನಿಮ್ಮ ಹತ್ರ ಮುಚ್ಚುಮರೆ ಯಾಕೆ? ಕೈ ಇನ್ನೂ ಒಂಚೂರು ನಡುಗುತ್ತೆ." ಅಪ್ಪನ ಮುಖ ಅರಳಿತ್ತು. "ಆದ್ರೆ ಗಾಡಿಗೆ ಗೊತ್ತೇ ಆಗಲ್ಲ. ಈಗ ನೋಡಿದ್ರಲ್ಲ. ಇಪ್ಪತ್ತೆಂಟು ವರ್ಷದ ಕೈ, ಅದು ಹೇಗೋ ಸಂಭಾಳಿಸಿಕೊಳ್ಳುತ್ತೆ."

ಯಜಮಾನರು ಅವಳ ಕಡೆ ತಿರುಗಿದರು. "ಹೌದೇನಮ್ಮಾ? ನೀನು ದಿನಾ ನೋಡ್ತೀಯಲ್ಲ."

ಅವಳು ದುಪಟ್ಟಾದ ತುದಿಯನ್ನು ಬೆರಳಿಗೆ ಸುರುಳಿ ಸುತ್ತಿದಳು.

"ಅವಳನ್ನೇನು ಕೇಳ್ತೀರಿ? ಅಮಾವಾಸ್ಯೆಗೊಂದು ಹುಣ್ಣಿಮೆಗೊಂದು ಮಾತಾಡೋಳು," ಎಂದು ಅಪ್ಪ ನಕ್ಕ. "ಇದೆಲ್ಲಾ ಜೋಡಿಸಿಕೊಟ್ಟಿದ್ದೇ ಅವಳು. ಇವಳಿಲ್ದಿದ್ರೆ ನಾನು ಇನ್ನೂ ಮಂಚದ ಮೇಲೇ ಇರ್ತಿದ್ದೆ."

ಯಜಮಾನರು ಎದ್ದು ಬಾಗಿಲ ಬಳಿ ಹೋಗಿ ಚಪ್ಪಲಿ ಮೆಟ್ಟಿದರು. ಅಪ್ಪ ಕೀಗೊಂಚಲನ್ನು ಅಂಗಿಯ ಜೇಬಿಗೆ ಹಾಕಲು ನೋಡಿದ. ಒಂದು ಸಲ ತಪ್ಪಿತು, ಇನ್ನೊಂದು ಸಲವೂ ತಪ್ಪಿತು. ಮೂರನೆಯ ಸಲ ಎಡಗೈಯಿಂದ ಬಲಗೈಯನ್ನು ಹಿಡಿದು ತಂದು ಹಾಕಿದ. ಜೇಬಿನ ಮೇಲೆ ಕೈಯಿಟ್ಟು ಅವಳನ್ನು ನೋಡಿ, ಪಂದ್ಯ ಗೆದ್ದವನ ಹಾಗೆ ಹುಬ್ಬು ಹಾರಿಸಿದ.

"ಅಪ್ಪಾ," ಎಂದಳು ಅವಳು. ದನಿ ಬಾಗಿಲವರೆಗೂ ಕೇಳುವಷ್ಟು ಜೋರಾಗಿತ್ತು. ಯಜಮಾನರು ಹೊಸಿಲಲ್ಲೇ ನಿಂತರು.

"ವ್ಯಾನಿಗೆ ಗೊತ್ತಾಗುತ್ತೆ."