ಹನ್ನೊಂದು ಗಂಟೆಯ ಕೇಸು

ಆರನೆಯ ಸಲ ಫೋನು ಮಾಡಿದಾಗ ಅರಿವಳಿಕೆ ಕೊಡುವ ಡಾಕ್ಟರು ಎತ್ತಿಕೊಂಡರು.

"ಸಾರ್, ಎಲ್ಲಿದ್ದೀರಾ? ಇಲ್ಲಿ ರಸ್ತೆ ಗುಡಿಸೋ ಹೆಣ್ಣುಮಗಳೊಬ್ಬಳು ಬಂದಿದ್ದಾಳೆ, ಮಗು ಅಡ್ಡ ಮಲಗಿದೆ. ಎದೆಬಡಿತ ನೂರಕ್ಕಿಂತ ಕೆಳಗೆ ಬರ್ತಿದೆ. ಕೊಯ್ಯೋಕೆ ಮೇಡಂ ಕೈ ತೊಳ್ಕೊಂಡು ನಿಂತಿದ್ದಾರೆ. ನೀವೊಬ್ಬರು ಬರಬೇಕು," ಎಂದಳು ಸರ್ಕಾರಿ ಹೆರಿಗೆ ಆಸ್ಪತ್ರೆಯ ಹಿರಿಯ ನರ್ಸು.

"ಒಂದು ಗಂಟೆ ಕೊಡಿ ಸಿಸ್ಟರ್. ಪಾರ್ಕಿನ ಪಕ್ಕದ ನರ್ಸಿಂಗ್ ಹೋಮಲ್ಲಿದ್ದೀನಿ. ಹನ್ನೊಂದಕ್ಕೆ ಒಂದು ಸಿಜೇರಿಯನ್ ಇದೆ. ಅರ್ಜೆಂಟೇನಲ್ಲ, ಆದ್ರೆ ಟೈಮ್ ಕೊಟ್ಟುಬಿಟ್ಟಿದ್ದಾರೆ."

ನರ್ಸು ಗಡಿಯಾರ ನೋಡಿದಳು. ಆ ಹನ್ನೊಂದು ಗಂಟೆಯ ಸಿಜೇರಿಯನ್ ಆಕೆಯ ಒಬ್ಬಳೇ ಮಗಳದು.

ಆಸ್ಪತ್ರೆಯಲ್ಲಿ ಎಲ್ಲರೂ ಆಕೆಯನ್ನು ನಾರ್ಮಲಮ್ಮ ಎನ್ನುತ್ತಿದ್ದರು. ಕೊಯ್ಯಲೇಬೇಕಾದರೆ ಕೊಯ್ಯಿರಿ, ಇಲ್ಲವಾದರೆ ಸುಮ್ಮನೆ ಕಾಯಿರಿ ಎಂದು ದೊಡ್ಡ ಡಾಕ್ಟರಿಗೇ ಹೇಳುವ ಬಾಯಿ ಆಕೆಯದು. ಆ ಬಾಯಿ ಬೀಗಿತ್ತಿಯ ಮುಂದೆ ಮಾತ್ರ ನಡೆದಿರಲಿಲ್ಲ. "ಸ್ಕೂಲಿಗೆ ಸೇರಿಸೋ ವಯಸ್ಸಿನ ಲೆಕ್ಕಕ್ಕೆ ಇವತ್ತೇ ಕೊನೇ ತಾರೀಕು. ಇವತ್ತು ಹುಟ್ಟಿದ್ರೆ ಸರಿ, ನಾಳೆ ಹುಟ್ಟಿದ್ರೆ ಮಗೂಗೆ ಒಂದು ವರ್ಷ ದಂಡ," ಎಂದಿದ್ದಳು ಬೀಗಿತ್ತಿ. ಇನ್ನೂ ಹತ್ತು ದಿನವಿದೆ, ನೋವೇ ಬಂದಿಲ್ಲ, ನಮ್ಮ ಆಸ್ಪತ್ರೆಗೆ ಕರೆತನ್ನಿ, ನಾನೇ ನೋಡಿಕೊಳ್ಳುತ್ತೇನೆ ಎಂದರೆ ಮೂಗು ಮುರಿದಿದ್ದಳು. "ನಮ್ಮ ಮನೆ ಮಗು ಸರ್ಕಾರಿ ಆಸ್ಪತ್ರೇಲಿ ಹುಟ್ಟೋದಾ? ನಾಲ್ಕು ಜನ ಏನಂದಾರು!" ಮಗಳೂ ಅತ್ತೆಯ ತಾಳಕ್ಕೇ ಕುಣಿದಳು. "ಕೊಯ್ಸಿಕೋ ಹೋಗು," ಎಂದು ಸಿಡುಕಿ, ನರ್ಸು ಇವತ್ತು ಬೇಕೆಂದೇ ಡ್ಯೂಟಿಗೆ ಬಂದಿದ್ದಳು.

"ಸಾರ್, ಆ ಕೇಸು ಬಿಟ್ಟು ಬನ್ನಿ."

"ಅದು ಹೇಗ್ರೀ ಆಗುತ್ತೆ? ಅವರಿಗೆ ಏನಂತ ಹೇಳಲಿ?"

"ಹುಡುಗಿ ತಾಯಿ ಒಪ್ಪಿದ್ದಾಳೆ ಅಂತ ಹೇಳಿ."

"ತಾಯಿ ಇಲ್ಲಿಗೆ ಬಂದೇ ಇಲ್ವಲ್ಲ. ನಿಮಗೆ ಎಲ್ಲಿ ಸಿಕ್ಕಳು?"

"ಅವಳ ತಾಯಿ ನಾನೇ, ಸಾರ್."

ಡಾಕ್ಟರು ಹನ್ನೆರಡೇ ನಿಮಿಷದಲ್ಲಿ ಬಂದರು, ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ಬೂಟು ಕಳಚಿ, ಒಳಗಿನ ಚಪ್ಪಲಿ ಮೆಟ್ಟಿಕೊಂಡು ಓಡಿದರು. ಮಗು ಹೊರಗೆ ಬಂದಾಗ ನೀಲಿಗಟ್ಟಿತ್ತು. ನರ್ಸು ಬೆನ್ನು ತಿಕ್ಕಿದಳು, ಪಾದ ತಟ್ಟಿದಳು, ಮೂಗು ಬಾಯಿ ಒರೆಸಿದಳು. ಕೊನೆಗೂ ಅದು ಕಿಟಾರನೆ ಕಿರುಚಿದಾಗ ಆಕೆಗೆ ಹೋದ ಜೀವ ಬಂದಂತಾಯಿತು. ಹೊರಗೆ ಬೆಂಚಿನ ಮೇಲೆ ಕೂತಿದ್ದ ಆ ಗುಡಿಸುವವಳ ಅತ್ತೆ ಮಾತ್ರ ಹಣೆ ಚಚ್ಚಿಕೊಂಡಳು. "ನಾರ್ಮಲಮ್ಮ ಇದ್ದಾಳೆ ಅಂತ ನಂಬಿ ಬಂದ್ರೆ ಹೊಟ್ಟೆ ಕೊಯ್ಸಿಬಿಟ್ಟಳಲ್ಲಪ್ಪ!"

ಡಾಕ್ಟರು ಹೊರಗೆ ಬಂದು ನೋಡಿದರೆ ಬೂಟುಗಳಿಲ್ಲ.

"ಬಟ್ಟೆ ಬೀರುವಿನಲ್ಲಿ ಭದ್ರವಾಗಿವೆ ಸಾರ್," ಎಂದಳು ನರ್ಸು, ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತ. "ನಿಮ್ಮನ್ನೇ ಕಾಯ್ತಾ ಇನ್ನೂ ಇಬ್ಬರು ಬೆಳಗ್ಗಿಂದ ಉಪವಾಸ ಮಲಗಿದ್ದಾರೆ. ಅವರದೂ ಮುಗಿಸಿ. ಪಾಲಿಶ್ ಹಾಕಿಸಿ ಕೊಡ್ತೀನಿ."

ಬೂಟು ಬೀರುವಿನಿಂದ ಹೊರಬಂದಾಗ ನಾಲ್ಕು ಗಂಟೆ. ಅಷ್ಟರಲ್ಲಿ ನರ್ಸಿಂಗ್ ಹೋಮಿನಲ್ಲಿ ಕೊಯ್ಯಬೇಕಿದ್ದ ಲೇಡಿ ಡಾಕ್ಟರು ಪರವೂರಿನ ರೈಲು ಹತ್ತಿಯಾಗಿತ್ತು. ಮಗಳು ಫೋನಿನಲ್ಲಿ, "ನಿನಗೆ ನನಗಿಂತ ಬೀದಿಯೋರೇ ಹೆಚ್ಚಾದರು, ಅಲ್ವಾಮ್ಮ?" ಎಂದಷ್ಟೇ ಕೇಳಿ ಇಟ್ಟುಬಿಟ್ಟಳು. ಸಾವಿರಾರು ಹೆರಿಗೆ ನೋಡಿದ್ದ ಹೆಂಗಸಿಗೆ ಹೆದರಿಕೆ ಎಂದರೇನೆಂದು ಆ ಸಂಜೆ ತಿಳಿಯಿತು. ನನ್ನ ಹಟದಿಂದ ಮಗಳಿಗೇನಾದರೂ ಆದರೆ ಎಂದು ಅನ್ನ ಇಳಿಯಲಿಲ್ಲ.

ಏನೂ ಆಗಲಿಲ್ಲ. ಸಂಜೆಯೇ ನೋವು ತಾನಾಗಿ ಬಂತು. ನಡುರಾತ್ರಿ ದಾಟಿ ಹದಿನೈದು ನಿಮಿಷಕ್ಕೆ, ನರ್ಸಿಂಗ್ ಹೋಮಿನಲ್ಲೇ, ಕೊಯ್ಯದೆ ಹರಿಯದೆ, ಮೂರು ಕೆಜಿಯ ಹೆಣ್ಣುಮಗು ಹುಟ್ಟಿತು. ಬೆಳಗಾಗುತ್ತಲೇ ನರ್ಸು ಹೋಗಿ ಮೊಮ್ಮಗಳನ್ನು ಎತ್ತಿಕೊಂಡಳು. ಮಗಳ ಮುನಿಸು ಅರ್ಧ ಇಳಿದದ್ದನ್ನೂ ನೋಡಿ ಡ್ಯೂಟಿಗೆ ಬಂದಳು.

ಹತ್ತು ಗಂಟೆಗೆ ಬೀಗಿತ್ತಿಯೇ ಬಂದಳು. ಮೂಗಿಗೆ ಕರವಸ್ತ್ರ ಒತ್ತಿಕೊಂಡು, ಗೋಡೆ ತಾಕದ ಹಾಗೆ ನಡೆಯುತ್ತ, ಜನ್ಮದಲ್ಲಿ ಮೊದಲ ಸಲ ಸರ್ಕಾರಿ ಆಸ್ಪತ್ರೆಯ ಮೆಟ್ಟಿಲು ಹತ್ತಿದ್ದಳು.

"ಹದಿನೈದು ನಿಮಿಷಕ್ಕೆ ಒಂದು ವರ್ಷ ಹೋಯ್ತಲ್ರೀ! ಕೆಡಿಸಿದೋರು ನೀವೇ, ಸರಿ ಮಾಡೋರೂ ನೀವೇ," ಎಂದು ಆಕೆ ಮೇಜಿನ ಮೇಲಿದ್ದ ಹೆರಿಗೆ ರಿಜಿಸ್ಟರಿನ ಕಡೆ ಕಣ್ಣು ಹಾಯಿಸಿದಳು. "ನರ್ಸಿಂಗ್ ಹೋಮಿನೋರು ತಾರೀಕು ತಿದ್ದಲ್ಲ ಅಂತಾರೆ. ನಿಮ್ಮ ಪುಸ್ತಕದಲ್ಲೇ ಬರೆದುಬಿಡಿ. ಮಗು ನಿನ್ನೆ ಇಲ್ಲೇ ಹುಟ್ತು ಅಂತ."

"ಸರ್ಕಾರಿ ಆಸ್ಪತ್ರೇಲಾ? ನಾಲ್ಕು ಜನ ಏನಂದಾರು?"

"ಅಂದ್ಕೊಳ್ಳಲಿ ಬಿಡ್ರೀ. ನಿನ್ನೆ ಪುಟದಲ್ಲಿ ಒಂದು ಸಾಲು ಖಾಲಿ ಇಲ್ವಾ, ನೋಡಿ."

ನರ್ಸು ಕನ್ನಡಕ ಏರಿಸಿ ನಿನ್ನೆಯ ಪುಟ ತೆರೆದಳು. ಮೇಲಿನಿಂದ ಬೆರಳು ಎಳೆಯುತ್ತ ಬಂದು ಒಂದು ಸಾಲಿನ ಮೇಲೆ ನಿಲ್ಲಿಸಿದಳು. ಅಲ್ಲಿ ರಸ್ತೆ ಗುಡಿಸುವವಳ ಮಗುವಿನ ತೂಕ, ಹುಟ್ಟಿದ ಗಂಟೆ, ತಾಯಿಯ ಹೆಬ್ಬೆಟ್ಟಿನ ಗುರುತು ಇದ್ದವು.

"ಇಲ್ಲ ಬೀಗಿತ್ತಿಯವರೇ," ಎಂದಳು. "ನಿನ್ನೆ ಡಾಕ್ಟ್ರು ನಿಮ್ಮಲ್ಲೇ ಉಳಿದಿದ್ರೆ, ಇದೊಂದು ಸಾಲು ಖಾಲಿ ಇರ್ತಿತ್ತು."