ಚೆನ್ನಾಗಿ ನೋಡಿಕೊಳ್ಳಿ

"ನನ್ನ ಕೈ ಅಡುಗೆ ತಿನ್ನದೆ ಹಲ್ಲು ಮೂಡಿದ ಮಗು ಈ ಊರಲ್ಲಿ ಒಂದೂ ಇಲ್ಲ, ಮಗಳೇ," ಎಂದಳು ಅಜ್ಜಿ. "ಹೂಂ, ಅರ್ಧ ಸುಳ್ಳು. ಮೈಕ್ ಹಿಡ್ಕೊಂಡು ನಿಂತಿದ್ದಾನಲ್ಲ ನನ್ನ ಮೊಮ್ಮಗ, ಅವನು ಪೂರ್ತಿ ಹೇಳ್ತಾನೆ. ಕೇಳು."

ಪತ್ರಿಕೆಯ ಹುಡುಗಿ ಪೆನ್ನು ತೆರೆದಳು. ಹೋಟೆಲಿನ ಟೇಬಲ್ಲುಗಳನ್ನೆಲ್ಲ ಗೋಡೆಗೆ ತಳ್ಳಿ ಕುರ್ಚಿ ಹಾಕಿದ್ದರು. ನಡುವೆ ಕೆಂಪು ಬಟ್ಟೆ ಹೊದ್ದು ನಿಂತಿತ್ತು ಹೋಟೆಲಿನ ಸ್ಥಾಪಕ ತಾತನ ಪ್ರತಿಮೆ. ಬಾಗಿಲಾಚೆ ಸುತ್ತಿಗೆ ಹಿಡಿದ ಇಬ್ಬರು ಭಾಷಣ ಮುಗಿಯುವುದನ್ನೇ ಕಾಯುತ್ತಿದ್ದರು. ಪ್ರತಿಮೆಗೆ ಮಂಟಪ ಬೇಕು, ಜಾಗ ಸಾಲದು. ಅಡುಗೆಮನೆಯ ಹಳೇ ಇಟ್ಟಿಗೆ ಒಲೆ ಇವತ್ತೇ ಹೋಗಬೇಕು.

ಆ ಒಲೆ ಕಟ್ಟಿದವಳು ಅಜ್ಜಿ. ಉಳಿಸೋ ಎಂದು ತಿಂಗಳಿಡೀ ಕೇಳಿದ್ದಳು.

"ಒಲೆ ಇತಿಹಾಸ ಅಲ್ಲ ಅಜ್ಜಿ," ಎಂದಿದ್ದ ಮೊಮ್ಮಗ. "ಇತಿಹಾಸಕ್ಕೆ ಒಂದು ಮುಖ ಬೇಕು."

"ಮುಖ ತಾನೇ? ಇಟ್ಕೋ. ಅತಿಥಿನ ಮಾತ್ರ ನಾನು ಕರೀತೀನಿ."

"ಕರಿ. ಅಷ್ಟಾದ್ರೂ ನಿಂದಿರಲಿ."

ಕರೆದಿದ್ದಳು, ಪಕ್ಕದ ಊರಿನ ನಿವೃತ್ತ ಹೆಡ್‌ಮಾಸ್ಟರರನ್ನು. ಇದಕ್ಕಿಂತ ಸಪ್ಪೆ ಅತಿಥಿ ಸಿಗಲಿಲ್ಲವೇ ಎಂದು ಮೊಮ್ಮಗ ಮೂಗು ಮುರಿದಿದ್ದ.

ಹೋಟೆಲಿನ ಚರಿತ್ರೆ ಪುಸ್ತಕವಾಗಿ ಹುಡುಗಿಯ ತೊಡೆಯ ಮೇಲಿತ್ತು. ಇಪ್ಪತ್ತು ಪುಟ, ಹೊಳೆಯುವ ಕಾಗದ. ಹತ್ತೊಂಬತ್ತು ಪುಟ ತಾತ. ಕೊನೆಯಲ್ಲಿ ಒಂದು ಸಾಲು: 'ಪತ್ನಿಯ ಸಹಕಾರವೂ ಇತ್ತು.' ತಾತನ ಚಿತ್ರ ಮಾತ್ರ ಎಲ್ಲೂ ಇಲ್ಲ. ಬಟ್ಟೆ ಸರಿದಾಗಲೇ ಊರು ಆ ಮುಖ ನೋಡಬೇಕೆಂದು ಮೊಮ್ಮಗನ ಹಠ.

"ನಿಮ್ಮ ಯಜಮಾನರು ಎಷ್ಟು ವರ್ಷ ಹೋಟೆಲು ನಡೆಸಿದ್ರು?"

"ಮೂರು. ಅದರಲ್ಲಿ ಎರಡು ವರ್ಷ ಆಕಳಿಸಿದ್ರು. ನಮ್ಮ ಮಗ ಅಂಬೆಗಾಲಿಡೋ ಹೊತ್ತಿಗೆ ಹೋಗ್ಬಿಟ್ರು. ಆಮೇಲಿನ ನಲವತ್ತು ವರ್ಷ ನನ್ನ ಸಹಕಾರ."

ಮೊಮ್ಮಗನ ದನಿ ಏರಿತು. ಅಡುಗೆಮನೆ ಬಾಗಿಲ ಹಿಂದೆ ಹೊಗೆ ಹಿಡಿದು ನೇತಾಡುತ್ತಿದ್ದ ತಾತನ ಒಂದೇ ಒಂದು ಫೋಟೋವನ್ನು ತಾನು ಪತ್ತೆ ಹಚ್ಚಿ, ಒರೆಸಿ, ಶಿಲ್ಪಿಯ ಕೈಗಿಟ್ಟ ಸಾಹಸವನ್ನು ಬಣ್ಣಿಸಿದ.

"ಕೆಳಗೆ ತಾತ ಸ್ವಂತ ಕೈಯಿಂದ ಬರೆದಿದ್ರು! ಮೊದಲಿನ ಒಂದೆರಡು ಪದ ಹುಳ ತಿಂದಿದೆ. ಉಳಿದಿದ್ದೇ ನಮ್ಮ ಮಂತ್ರ: 'ಚೆನ್ನಾಗಿ ನೋಡಿಕೊಳ್ಳಿ.' ಗಿರಾಕಿಗಳನ್ನ ಚೆನ್ನಾಗಿ ನೋಡಿಕೊಳ್ಳಿ!"

ಚಪ್ಪಾಳೆ. ಆ ಮಂತ್ರ ಆಗಲೇ ಮೆನುವಿನ ಮೇಲೆ, ಲೋಟದ ಮೇಲೆ, ಮಾಣಿಗಳ ಬೆನ್ನ ಮೇಲೆ, ಕಡೆಗೆ ಕಕ್ಕಸಿನ ಬಾಗಿಲ ಮೇಲೂ ಅಚ್ಚಾಗಿತ್ತು.

"ತಾತನಿಗೆ ಶುಚಿ ಅಂದ್ರೆ ಪ್ರಾಣ! ಅವರು ಬರ್ತಾರೆ ಅಂದ್ರೆ ಅಡುಗೆಮನೆ ಫಳಫಳ ಹೊಳೀತಿತ್ತಂತೆ. ಅಜ್ಜಿನೇ ಹೇಳಿದ್ದು!"

"ಹೌದಾ ಅಜ್ಜಿ?"

"ಹೌದು ಮತ್ತೆ. ನೊಣ ಕೂಡ ಸ್ನಾನ ಮಾಡ್ಕೊಂಡು ಬಂದು ಕೂರ್ತಿತ್ತು." ಅಜ್ಜಿ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಮೊಮ್ಮಗ ಚಿಕ್ಕವನಿದ್ದಾಗ ಆ ಫೋಟೋ ತೋರಿಸಿ ಯಾರು ಅಂತ ಕೇಳಿದ. ನನ್ನ ಎದೆ ನಡುಗಿಸಿದ ಗಂಡಸು ಇವನೊಬ್ಬನೇ ಅಂದೆ. ನಾಚಿಕೊಂಡು ಓಡಿಹೋದ. ಮತ್ತೆ ಕೇಳಲೇ ಇಲ್ಲ."

ಹುಡುಗಿ ನಕ್ಕು ಬರೆದುಕೊಂಡಳು.

ಹೆಡ್‌ಮಾಸ್ಟರರು ಹಗ್ಗ ಎಳೆದರು. ಬಟ್ಟೆ ಜಾರಿತು. ಸಣ್ಣ ಮೀಸೆ, ಏನೋ ನಾರುತ್ತಿದೆ ಎಂಬಂತೆ ಮೇಲೆತ್ತಿದ ಮೂಗು, ಜೇಬಿನಲ್ಲಿ ಎರಡು ಪೆನ್ನು. ಎಲ್ಲರೂ ಚಪ್ಪಾಳೆ ತಟ್ಟಿದರು. ಹೆಡ್‌ಮಾಸ್ಟರರು ಮಾತ್ರ ತಟ್ಟಲಿಲ್ಲ. ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. ಮೈಕು ಹತ್ತಿರದಲ್ಲೇ ಇತ್ತು.

"ಅಪ್ಪ?"

ಚಪ್ಪಾಳೆ ಅರ್ಧಕ್ಕೇ ನಿಂತಿತು.

"ಹೌದು, ಮಾಸ್ಟರರ ಅಪ್ಪನೇ," ಅಜ್ಜಿ ಹುಡುಗಿಯ ಕಿವಿಗೆ ಬಾಗಿದಳು. "ಪುರಸಭೆಯ ಹೆಲ್ತ್ ಇನ್ಸ್‌ಪೆಕ್ಟರು. ಈ ಹೋಟೆಲಿಗೆ ಮೂರು ಸಲ ಬೀಗ ಜಡಿದವನು. ಪೇಪರಲ್ಲಿ ಬಂದ ಫೋಟೋನ ನಾನೇ ದೊಡ್ಡದು ಮಾಡಿಸಿ, ಕೆಲಸದವರಿಗೆ ಗುರುತಿರಲಿ ಅಂತ ನೇತುಹಾಕಿದ್ದೆ. ಬರೆದವಳೂ ನಾನೇ. ಹುಳ ತಿಂದಿದ್ದು ಎರಡೇ ಪದ: 'ಈ ಮುಖ.'"

ಬಾಗಿಲಾಚೆ ಸುತ್ತಿಗೆಯವರು ಎದ್ದು ನಿಂತಿದ್ದರು. ಅಜ್ಜಿ ಗದ್ದದಿಂದಲೇ ಅವರತ್ತ ತೋರಿಸಿದಳು.

"ಈಗ ಹೇಳು ನೋಡೋಣ ಮಗಳೇ, ಇವತ್ತು ಅವರು ಒಡೆಯೋದು ಯಾವುದನ್ನ?"