ಇಲ್ಲದ ಬ್ರೇಕು

ಇಸ್ತ್ರಿ ಅಂಗಡಿಯ ಮುಂದೆ ಗಂಜಿ ಹಾಕಿದ ಬಟ್ಟೆಯ ಬಿಸಿ ವಾಸನೆ ಬಂದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ.

ಅಪ್ಪ ಸರಸ್ವತಿಪುರಂನ ಒಂದು ದೊಡ್ಡ ಮನೆಯಲ್ಲಿ ಡ್ರೈವರ್ ಆಗಿದ್ದರು. ಹಿನಕಲ್ ಹತ್ತಿರ ರಿಂಗ್ ರೋಡಿನಲ್ಲಿ ಕಾರನ್ನು ಮಿತಿಮೀರಿದ ವೇಗದಲ್ಲಿ ಓಡಿಸಿ ಕ್ಯಾಮೆರಾಕ್ಕೆ ಸಿಕ್ಕಿದ್ದು ಯಜಮಾನರ ಮಗ. "ನೀನೇ ಓಡಿಸ್ತಿದ್ದೆ ಅಂದ್ಬುಡು ಕಣೋ, ಓದೋ ಹುಡುಗ ಅವ್ನು," ಎಂದಿದ್ದರು ಯಜಮಾನರು. ಅಮ್ಮ ಗಂಜಿ ಹಾಕಿಕೊಟ್ಟ ಬಿಳಿ ಯೂನಿಫಾರಂ ತೊಟ್ಟು ಅಪ್ಪ ಕೋರ್ಟಿನಲ್ಲಿ ತಪ್ಪು ಒಪ್ಪಿಕೊಂಡರು. ಲೈಸೆನ್ಸು ಅಮಾನತಾಯಿತು.

ಅವತ್ತು ಮಧ್ಯಾಹ್ನವೇ ನನ್ನನ್ನೂ ಕರೆದುಕೊಂಡು ಯಜಮಾನರ ಮನೆಗೆ ಹೋದರು. ಅಪ್ಪನ ಬೆನ್ನಿನ ಮೇಲೆ ಗಂಜಿಯೆಲ್ಲ ಬೆವರಿಗೆ ಮೆತ್ತಗಾಗಿತ್ತು. ಯಜಮಾನರು ಕೈ ಚಾಚಿ ಕಾರಿನ ಕೀ ಇಸಕೊಂಡರು.

"ಲೈಸೆನ್ಸೇ ಇಲ್ದೋನಿಗೆ ಕಾರು ಹೆಂಗಪ್ಪ ಕೊಡ್ಲಿ? ಕಾನೂನು ಅಂತ ಒಂದಿದೆಯಲ್ಲ. ಬೇರೆ ಡ್ರೈವರ್‌ಗೆ ಹೇಳಿದೀನಿ."

"ಸರಿ ಸಾರ್," ಅಂದರು ಅಪ್ಪ.

ಯಜಮಾನರು ಕೀಯನ್ನು ಮಗನಿಗೆ ಕೊಟ್ಟು, "ಪಾಪ, ಬಿಸಿಲು. ಇವ್ರನ್ನ ಬಸ್ ಸ್ಟಾಪಿಗೆ ಬಿಟ್ಟು ಬಾ," ಎಂದರು.

ಆ ಕಾರಿನ ಹಿಂದಿನ ಸೀಟಿನಲ್ಲಿ ಅಪ್ಪ ಕೂತಿದ್ದು ಅದೇ ಮೊದಲು. ಹುಡುಗ ಬುರ್ರನೆ ಓಡಿಸಿದ.

"ನಿಧಾನ ಸಾರ್, ಮುಂದೆ ಸ್ಕೂಲಿದೆ," ಅಂದರು ಅಪ್ಪ.

ಅವನು ತಿರುಗಿಯೂ ನೋಡಲಿಲ್ಲ. ಅಪ್ಪನ ಬಲಗಾಲು ಮಾತ್ರ ದಾರಿಯುದ್ದಕ್ಕೂ ಇಲ್ಲದ ಬ್ರೇಕನ್ನು ಒತ್ತುತ್ತಲೇ ಇತ್ತು.